ಟೊಮೆಟೊ ಅಗ್ಗ, ನೀರು ತೆಗೆಸೋದು ದುಬಾರಿ: ಕೋಲಾರದಿಂದ ಫ್ರೀಜ್ ಡ್ರೈ ತರಕಾರಿಯ ಲೆಕ್ಕ

ವರ್ಷಕ್ಕೆ ಎರಡು ಸಲವಾದರೂ ನನಗೆ ಈ ಫೋನ್ ಬರುತ್ತದೆ. "ಅಣ್ಣಾ, ಮಂಡೀಲಿ ಬಾಕ್ಸು ಎಂಬತ್ತು ರೂಪಾಯಿಗೆ ಬಿದ್ದೈತೆ. ಹೆಂಗೂ ಫ್ಯಾಕ್ಟರಿ ಇಟ್ಕೊಂಡಿದ್ದೀರಿ, ಎತ್ತಾಕ್ಕೊಂಡು ಒಣಗಿಸಿ ಇಟ್ಕೊಂಡ್ಬಿಡಿ." ಫ್ಯಾಕ್ಟರಿ ಅನ್ನುವುದು ಪ್ರೀತಿಯ ಮಾತು. ನಮ್ಮದು ಕೋಲಾರದ ಹೊರಗೆ ಎಂಟು ಜನ ಕೆಲಸ ಮಾಡುವ ಪುಟ್ಟ ಘಟಕ. ಬಿಸಿನೀರು ಹುಯ್ದರೆ ಸಿದ್ಧವಾಗುವ ರಾಗಿ ಸೂಪು, ಉಪ್ಪಿಟ್ಟು, ಬಿಸಿಬೇಳೆಬಾತಿನ ಮಿಶ್ರಣ ಮಾಡುತ್ತೇವೆ. ಅದಕ್ಕೆ ಒಣಗಿದ ಕ್ಯಾರೆಟ್, ಬೀನ್ಸ್, ಬಟಾಣಿ, ಟೊಮೆಟೊ ಬೇಕು. ತಮಾಷೆಯೆಂದರೆ, ಟೊಮೆಟೊ ಊರಿನಲ್ಲೇ ಕೂತು ನಾವು ಒಣ ಟೊಮೆಟೊವನ್ನು ಗುಜರಾತ್, ಮಹಾರಾಷ್ಟ್ರದ ಕಡೆಯಿಂದ ತರಿಸುತ್ತೇವೆ. ಇದು ನಾಚಿಕೆಗೇಡು ಎಂದು ನನ್ನ ಅಳಿಯನ ಅಭಿಪ್ರಾಯ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಲೆಕ್ಕ ಹಾಕಿದ ಮೇಲೆ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಈಗ ಬೆಂಗಳೂರಿನ ಸುತ್ತ ರೆಡಿ ಮಿಕ್ಸ್, ಕಪ್ ನೂಡಲ್ಸ್, ಮಕ್ಕಳ ಆಹಾರ, ಟ್ರೆಕ್ಕಿಂಗ್ ಊಟ ಎಂದು ದಿನಕ್ಕೊಂದು ಬ್ರ್ಯಾಂಡ್ ಹುಟ್ಟುತ್ತಿದೆ. ಎಲ್ಲರಿಗೂ ಪೊಟ್ಟಣದ ಮೇಲೆ 'ಫ್ರೀಜ್ ಡ್ರೈ ತರಕಾರಿ' ಎಂದು ಬರೆಯುವ ಆಸೆ. ಇತ್ತ ಬೆಲೆ ಬಿದ್ದಾಗಲೆಲ್ಲ ಕೋಲಾರ, ಚಿಂತಾಮಣಿ, ವಡ್ಡಹಳ್ಳಿ ಮಾರುಕಟ್ಟೆಗಳಿಂದ ಏಳುವ ಕೂಗೂ ಒಂದೇ: ಸಂಸ್ಕರಣಾ ಘಟಕ ಬೇಕು. ಎರಡನ್ನೂ ಜೋಡಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಎಲ್ಲಿ ಜೋಡಣೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಅನ್ನುವುದು ಯಂತ್ರದ ಒಳಗೆ ಏನು ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ.

ಮಾಳಿಗೆ ಮೇಲೆ ಬಾಳಕದ ಮೆಣಸಿನಕಾಯಿ ಒಣಗಿಸುವುದನ್ನು ನೋಡಿದ್ದೀರಿ. ನೀರು ದ್ರವವಾಗಿಯೇ ಒಳಗಿನಿಂದ ಹೊರಗೆ ಬರುತ್ತದೆ, ಬರುವಾಗ ಕಾಯಿಯ ಗೋಡೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಸುಕ್ಕು, ಅದಕ್ಕೇ ಗಡಸು. ಫ್ರೀಜ್ ಡ್ರೈನಲ್ಲಿ ಮೊದಲು ತರಕಾರಿಯನ್ನು ಸೊನ್ನೆಗಿಂತ 30-40 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಕೋಣೆಯ ಗಾಳಿಯನ್ನೆಲ್ಲ ಹೀರಿ, ಒತ್ತಡವನ್ನು 1 ಮಿಲಿಬಾರ್‌ಗಿಂತ ಕೆಳಗಿಳಿಸಿ, ತಟ್ಟೆಗಳಿಗೆ ಮೆಲ್ಲಗೆ ಶಾಖ ಕೊಡುತ್ತಾರೆ. ಒತ್ತಡ 6.1 ಮಿಲಿಬಾರ್‌ಗಿಂತ ಕಡಿಮೆ ಇದ್ದಾಗ ಮಂಜುಗಡ್ಡೆ ಕರಗಿ ನೀರಾಗುವುದಿಲ್ಲ, ಸೀದಾ ಆವಿಯಾಗುತ್ತದೆ. ಬೀರುವಿನಲ್ಲಿಟ್ಟ ನುಸಿಗುಳಿಗೆ ಒದ್ದೆಯಾಗದೆಯೇ ಕರಗಿಹೋಗುತ್ತದಲ್ಲ, ಹಾಗೆ. ಮಂಜು ಇದ್ದ ಜಾಗ ಖಾಲಿ ತೂತಾಗಿ ಉಳಿಯುತ್ತದೆ, ಗೋಡೆ ಕುಸಿಯುವುದಿಲ್ಲ. ಬೀನ್ಸ್ ಹೆಚ್ಚಿದಾಗ ಇದ್ದಷ್ಟೇ ಉದ್ದ, ಅದೇ ಬಣ್ಣ. ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಕೊನೆಗೆ ಉಳಿಯುವ ತೇವ ಶೇ. 2ರಿಂದ 4. ಇದಕ್ಕೆಲ್ಲ ಒಂದು ಬ್ಯಾಚ್‌ಗೆ ಇಪ್ಪತ್ತರಿಂದ ನಲವತ್ತು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ವ್ಯಾಕ್ಯೂಮ್ ಪಂಪು, ಕಂಪ್ರೆಸರ್ ಓಡುತ್ತಲೇ ಇರಬೇಕು. ಮಧ್ಯದಲ್ಲಿ ಕರೆಂಟು ಹೋಗಿ ಜನರೇಟರ್ ಕೈಕೊಟ್ಟರೆ ಮಂಜು ಕರಗಿ ಇಡೀ ಬ್ಯಾಚು ಚಟ್ನಿ.

ಈಗ ಆ ಎಂಬತ್ತು ರೂಪಾಯಿ ಬಾಕ್ಸಿಗೆ ಬರೋಣ.

ನಮ್ಮ ಮಂಡಿ ಬಾಕ್ಸು 15 ಕೆಜಿ. ತೊಟ್ಟು, ಕೊಳೆತದ್ದು, ಒಡೆದದ್ದು ತೆಗೆದರೆ ಹದಿಮೂರೂವರೆ ಉಳಿಯಿತು ಅನ್ನಿ. ಟೊಮೆಟೊದಲ್ಲಿ ಶೇ. 94-95 ನೀರು. ಅಲ್ಲಿಗೆ ಒಂದು ಬಾಕ್ಸಿನಿಂದ ಸಿಗುವ ಒಣ ಮಾಲು ಹೆಚ್ಚುಕಡಿಮೆ 700 ಗ್ರಾಂ. ಹೋಗುವ ನೀರು ಹನ್ನೆರಡೂವರೆ ಕೆಜಿಗೂ ಮೇಲೆ. ಒಂದು ಕೆಜಿ ಮಂಜನ್ನು ಆವಿ ಮಾಡಲು ಬೇಕಾದ ಶಾಖ 2,840 ಕಿಲೋಜೂಲ್, ಅಂದರೆ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಅದು ಪುಸ್ತಕದ ಲೆಕ್ಕ. ಹೆಪ್ಪುಗಟ್ಟಿಸುವುದು, ಪಂಪು, ಆವಿಯನ್ನು ಮತ್ತೆ ಮಂಜಾಗಿ ಹಿಡಿಯುವ ಕಂಡೆನ್ಸರ್ ಎಲ್ಲ ಸೇರಿ ಸಣ್ಣ ಯಂತ್ರಗಳಲ್ಲಿ ಕೆಜಿ ನೀರಿಗೆ ಎರಡು-ಮೂರು ಯೂನಿಟ್ ಸಲೀಸಾಗಿ ಕುಡಿಯುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಬಾಕ್ಸಿಗೆ 180ರಿಂದ 270 ರೂಪಾಯಿ ಕರೆಂಟೇ ಆಯಿತು. ಎಂಬತ್ತು ರೂಪಾಯಿ ಟೊಮೆಟೊಗೆ ಅದರ ಎರಡು-ಮೂರು ಪಟ್ಟು ವಿದ್ಯುತ್! ತೊಳೆಯುವ, ಹೆಚ್ಚುವ ಕೂಲಿ, ಯಂತ್ರದ ಸಾಲದ ಬಡ್ಡಿ, ಪೊಟ್ಟಣ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹಾಗಾದರೆ ಟೊಮೆಟೊ ಬೆಲೆ ಮುಖ್ಯವೇ ಅಲ್ಲವೆ? ಬಿದ್ದಾಗ ಅಲ್ಲ, ಏರಿದಾಗ ಹೌದು. 2023ರ ಜುಲೈನಲ್ಲಿ ಇದೇ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ದಿನಗಳು ಅವು. ಆ ದರದಲ್ಲಿ ಒಂದು ಕೆಜಿ ಒಣ ಟೊಮೆಟೊದ ಒಳಗಿರುವ ಹಸಿ ಮಾಲಿನ ಬೆಲೆಯೇ 2,800 ರೂಪಾಯಿ ಮೀರುತ್ತದೆ. ಬಾಕ್ಸು ನೂರು ರೂಪಾಯಿ ಇದ್ದಾಗ ಅದೇ ಲೆಕ್ಕ 143. ಒಂದು ಕೆಜಿ ಒಣಗಿದ್ದಕ್ಕೆ ಇಪ್ಪತ್ತೊಂದು ಕೆಜಿ ಹಸಿ ಬೇಕಾಗುವುದರಿಂದ ಮಂಡಿಯಲ್ಲಿ ಕೆಜಿಗೆ ಒಂದು ರೂಪಾಯಿ ಅಲ್ಲಾಡಿದರೆ ಒಣ ಮಾಲಿನಲ್ಲಿ ಇಪ್ಪತ್ತೊಂದು ರೂಪಾಯಿ ಅಲ್ಲಾಡುತ್ತದೆ. ಆದ್ದರಿಂದ ವರ್ಷಪೂರ್ತಿ ಒಂದೇ ದರದ ಕೊಟೇಶನ್ ಕೊಡುವ ಸರಬರಾಜುದಾರನನ್ನು ಕಂಡರೆ ನನಗೆ ಮೊದಲು ಅನುಮಾನ. ಒಂದೋ ಅವನು ಸುಗ್ಗಿಯಲ್ಲೇ ಒಣಗಿಸಿ ದಾಸ್ತಾನು ಮಾಡಿದ್ದಾನೆ, ಆಗ ಯಾವ ತಿಂಗಳ ಮಾಲು ಎಂದು ಕೇಳಬೇಕು. ಇಲ್ಲವೆ ಬೆಲೆ ಏರಿದ ದಿನ ಫೋನ್ ಎತ್ತುವುದಿಲ್ಲ.

ಯಂತ್ರದ ಅಳತೆಯನ್ನೂ ಒಮ್ಮೆ ಮಂಡಿಯ ಪಕ್ಕ ನಿಲ್ಲಿಸಿ ನೋಡಿ. ಸುಗ್ಗಿಯಲ್ಲಿ ಕೋಲಾರದ ಯಾರ್ಡಿಗೆ ದಿನಕ್ಕೆ ಲಕ್ಷಕ್ಕೂ ಹೆಚ್ಚು ಬಾಕ್ಸು ಬಂದಿಳಿಯುತ್ತದೆ. ಸಣ್ಣ ಉದ್ದಿಮೆದಾರ ಕೊಳ್ಳಬಹುದಾದ 100 ಕೆಜಿ ಯಂತ್ರ ಒಂದು ಬ್ಯಾಚಿಗೆ ನುಂಗುವುದು ಏಳು ಬಾಕ್ಸು. ಒಂದು ಟನ್ನಿನ ದೊಡ್ಡ ಯಂತ್ರವಾದರೂ ಎಪ್ಪತ್ತು ಬಾಕ್ಸಿಗೆ ಹೊಟ್ಟೆ ತುಂಬಿತು. ರಸ್ತೆಗೆ ಸುರಿಯುವ ಟೊಮೆಟೊವನ್ನು ಫ್ರೀಜ್ ಡ್ರೈಯರ್ ಉಳಿಸುತ್ತದೆ ಎಂದು ವೇದಿಕೆ ಮೇಲೆ ಹೇಳುವವರು ಈ ಭಾಗಾಕಾರ ಮಾಡಿಲ್ಲ. ಬೆಲೆ ಬೀಳುವುದು ಮೂರ್ನಾಲ್ಕು ವಾರ. ಯಂತ್ರಕ್ಕೆ ವರ್ಷದ ಮುನ್ನೂರು ದಿನ ಕೆಲಸ ಬೇಕು. ಆ ಭಾರ ಹೊರಬಲ್ಲದ್ದು ಪೇಸ್ಟು, ಪ್ಯೂರಿ ಮಾಡುವ ದೊಡ್ಡ ಘಟಕ. 2018-19ರ ಕೇಂದ್ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದು 500 ಕೋಟಿಯ ಆಪರೇಷನ್ ಗ್ರೀನ್ಸ್ ಬಂತು. 2020ರಲ್ಲಿ ಪಿಎಂಎಫ್‌ಎಂಇ ಎಂಬ, ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರದ ಯೋಜನೆ ಬಂತು, ಕೋಲಾರಕ್ಕೆ 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂದು ಟೊಮೆಟೊವನ್ನೇ ಗುರುತಿಸಿದರು. ಅರ್ಹ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಎಂದು ಕೇಂದ್ರ ನಿಗದಿ ಮಾಡಿತು; ರಾಜ್ಯದಲ್ಲಿ ಕಪೆಕ್ ಎಂಬ ಸರ್ಕಾರಿ ನಿಗಮ ಅದರ ಉಸ್ತುವಾರಿ ವಹಿಸಿತು. ಒಳ್ಳೆಯದೇ. ಆದರೆ ಸಬ್ಸಿಡಿ ಯಂತ್ರದ ಬೆಲೆ ಇಳಿಸುತ್ತದೆಯೇ ಹೊರತು ಪ್ರತಿ ತಿಂಗಳ ಬೆಸ್ಕಾಂ ಬಿಲ್ಲನ್ನಲ್ಲ.

ಇನ್ನೊಂದು ಸಂಗತಿ ಮಂಡಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ತೋಟಗಳಲ್ಲಿರುವ ಹೈಬ್ರಿಡ್‌ಗಳನ್ನು ಆರಿಸಿಕೊಂಡಿರುವುದೇ ಲಾರಿಯಲ್ಲಿ ಎರಡು-ಮೂರು ದಿನ ಹೋದರೂ ಒಡೆಯಬಾರದು ಎಂದು. ದಪ್ಪ ಸಿಪ್ಪೆ, ಗಟ್ಟಿ ಕಾಯಿ. ಒಣಗಿಸುವವನಿಗೆ ಬೇಕಾದ್ದು ಗಟ್ಟಿತನವಲ್ಲ, ಒಳಗಿನ ಘನಾಂಶ. ಅದು ಶೇ. 5 ಇದ್ದರೆ ಬಾಕ್ಸಿಗೆ 700 ಗ್ರಾಂ, ಶೇ. 6 ಇದ್ದರೆ 830 ಗ್ರಾಂ ಮೀರುತ್ತದೆ. ಕರೆಂಟು, ಕೂಲಿ, ಗಂಟೆ ಎಲ್ಲ ಅಷ್ಟೇ. ಹೀಗಾಗಿ ಎಂಬತ್ತು ರೂಪಾಯಿಯ ತೆಳುರಸದ ಕಾಯಿಗಿಂತ ನೂರೈವತ್ತು ರೂಪಾಯಿಯ ತಿರುಳಿನ ಹಣ್ಣೇ ಅಗ್ಗ ಬೀಳಬಹುದು. ರಸದಲ್ಲಿ ಕರಗಿರುವ ಸಕ್ಕರೆ, ಘನಾಂಶ ಅಳೆಯುವ, ಜೇಬಿನಲ್ಲಿ ಹಿಡಿಸುವ ಬ್ರಿಕ್ಸ್ ಮೀಟರ್ ಒಂದನ್ನು ಇಟ್ಟುಕೊಂಡು ಎರಡು ಹನಿ ರಸ ಹಾಕಿ ನೋಡಿದರೆ ಅಂದಾಜು ಸಿಗುತ್ತದೆ. ನಾನು ಒಮ್ಮೆ ಯಾರ್ಡಿನಲ್ಲಿ ಅದನ್ನು ತೆಗೆದಾಗ ಹರಾಜು ಕೂಗುವವರು ನಕ್ಕರು. "ಏನಣ್ಣಾ, ಟೊಮೆಟೊಗೆ ಶುಗರ್ ಟೆಸ್ಟಾ?"

ಕೊಳ್ಳುವವರ ಕಡೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಏಟು ತಿಂದಿರುವುದು ನಾನು ಅಲ್ಲೇ.

ಮೊದಲ ಏಟು ಹೆಸರಿನದು. 'ಡಿಹೈಡ್ರೇಟೆಡ್', 'ವ್ಯಾಕ್ಯೂಮ್ ಡ್ರೈ', 'ಫ್ರೀಜ್ ಡ್ರೈ' ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ವ್ಯಾಪಾರಿಗಳಿದ್ದಾರೆ. ಬಿಲ್ಲಿನಲ್ಲೂ ಗೊತ್ತಾಗುವುದಿಲ್ಲ, ಬಿಸಿಗಾಳಿಯಲ್ಲಿ ಒಣಗಿಸಿದ ಗುಜರಾತಿನ ಮಹುವಾ ಊರಿನ ಈರುಳ್ಳಿಗೂ, ಫ್ರೀಜ್ ಡ್ರೈ ಈರುಳ್ಳಿಗೂ ಎಚ್‌ಎಸ್‌ಎನ್ ಶೀರ್ಷಿಕೆ (ತೆರಿಗೆ ಬಿಲ್ಲಿನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ) ಒಂದೇ, 0712. ಎರಡು ವರ್ಷದ ಹಿಂದೆ ಒಬ್ಬ ಮಧ್ಯವರ್ತಿ ಕಳಿಸಿದ ಕ್ಯಾರೆಟ್ಟಿನಲ್ಲಿ ಮೇಲಿನ ಪದರ ಅಸಲಿ, ಕೆಳಗೆ ಸುಮಾರು ಮೂರನೇ ಒಂದು ಪಾಲು ಬಿಸಿಗಾಳಿಯದು. ಕಂಡುಹಿಡಿದದ್ದು ನಾನಲ್ಲ, ಪ್ಯಾಕಿಂಗ್ ಮಾಡುವ ಹೆಂಗಸು: "ಸಾರ್, ಈ ಚೂರು ಉಗುರಿಗೆ ಚುಚ್ಚುತ್ತೆ, ಆ ಚೂರು ಪುಡಿಯಾಗುತ್ತೆ." ಅಂದಿನಿಂದ ಪ್ರತಿ ಚೀಲದ ತಳದಿಂದ ಹತ್ತು ಗ್ರಾಂ ತೆಗೆದು ಬಿಸಿನೀರಿಗೆ ಹಾಕುತ್ತೇವೆ. ಅಸಲಿ ಮಾಲು ತೇಲುತ್ತದೆ, ಎರಡು-ಮೂರು ನಿಮಿಷದಲ್ಲಿ ನೀರು ಕುಡಿದು ಹಸಿಯದರ ಆಕಾರಕ್ಕೆ ಬರುತ್ತದೆ. ಬಿಸಿಗಾಳಿಯದು ಮುಳುಗಿ, ಕಾಲು ಗಂಟೆ ಬಿಟ್ಟರೂ ಮಧ್ಯದಲ್ಲಿ ಗಂಟು ಉಳಿಸಿಕೊಳ್ಳುತ್ತದೆ. ಬೆಂಡೆ, ಹಲಸಿನಂಥ ಕುರುಕಲು ಚೂರುಗಳಾದರೆ ಟಿಶ್ಯೂ ಕಾಗದದ ನಡುವೆ ಒತ್ತಿ ನೋಡಿ. ಎಣ್ಣೆ ಕಲೆ ಬಿದ್ದರೆ ಅದು ವ್ಯಾಕ್ಯೂಮಿನಲ್ಲಿ ಕರಿದದ್ದು, ಒಣಗಿಸಿದ್ದಲ್ಲ.

ಎರಡನೆಯದು ನನ್ನದೇ ದಡ್ಡತನ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಐದು ಕೆಜಿ ಕ್ಯಾರೆಟ್ ಚೀಲ ಬಿಚ್ಚಿ, ಅರ್ಧ ತೂಗಿ, ಟೀ ಕುಡಿದು ಬರೋಣ ಎಂದು ಹೋದೆವು. ಬರುವಷ್ಟರಲ್ಲಿ ಮಾಲು ಡಬ್ಬಿ ಮುಚ್ಚದ ಚಕ್ಕುಲಿಯಂತೆ ಮೆತ್ತಗೆ. ಶೇ. 3 ತೇವದ ವಸ್ತು, ಮೈತುಂಬ ತೂತು. ಮಳೆಗಾಲದ ಗಾಳಿಗೆ ಒಡ್ಡಿದರೆ ಸ್ಪಂಜು. ಆದರೆ ಇದಕ್ಕಿಂತ ಮೋಸದ ಕಥೆ ಮುಚ್ಚಿದ ಪೊಟ್ಟಣದೊಳಗೆ ನಡೆಯುತ್ತದೆ. ರಾಗಿ ಹಿಟ್ಟಿನಲ್ಲಿ ಶೇ. 10-12 ತೇವ ಇರುತ್ತದೆ. ಅದರೊಳಗೆ ಶೇ. 3ರ ಕ್ಯಾರೆಟ್ ಹಾಕಿ ಸೀಲ್ ಮಾಡಿದರೆ ಹಿಟ್ಟು ತನ್ನ ತೇವವನ್ನು ಕ್ಯಾರೆಟ್ಟಿಗೆ ದಾಟಿಸುತ್ತದೆ. ತಿಂಗಳ ಮೇಲೆ ಬಿಚ್ಚಿದರೆ ಗರಿಗರಿ ಹೋಗಿ ತೊಗಲು. ಬಿಸಿನೀರಿಗೆ ಹಾಕಿದಾಗ ಮೊದಲಿನ ಹಾಗೆ ಅರಳುವುದೂ ಇಲ್ಲ. ಹೊರಗಿನಿಂದ ಒಂದು ಹನಿ ನೀರು ಹೋಗಿಲ್ಲ, ಆದರೂ ಮಾಲು ಕೆಟ್ಟಿದೆ. ಇಲ್ಲಿ ನೋಡಬೇಕಾದ್ದು ಬರೀ ತೇವದ ಶೇಕಡಾ ಅಲ್ಲ, ವಾಟರ್ ಆಕ್ಟಿವಿಟಿ, ಅಂದರೆ ಒಳಗಿನ ನೀರು ಎಷ್ಟು ಸಡಿಲವಾಗಿದೆ ಅನ್ನುವ ಅಳತೆ. ಎರಡೂ ಪದಾರ್ಥಗಳ ಅಂಕಿ ಹತ್ತಿರ ಇದ್ದರೆ ಜಗಳವಿಲ್ಲ. ನಾವು ಈಗ ಹಿಟ್ಟನ್ನು ಹೆಚ್ಚು ಹುರಿದು ತೇವ ಇಳಿಸುತ್ತೇವೆ. ದುಬಾರಿ ಉತ್ಪನ್ನಕ್ಕೆ ತರಕಾರಿಯನ್ನು ಬೇರೆ ಚಿಕ್ಕ ಫಾಯಿಲ್ ಪೊಟ್ಟಣದಲ್ಲೇ ಹಾಕುತ್ತೇವೆ. ಟೊಮೆಟೊ ಪುಡಿಯಂತೂ ಸಕ್ಕರೆ ಇರುವ ಕಾರಣ ಗಾಳಿ ಸೋಕಿದರೆ ಕಲ್ಲು.

ಮೂರನೆಯ ವಿಷಯ ನಿಜಕ್ಕೂ ಹೆದರಬೇಕಾದ್ದು. 'ಅಷ್ಟು ತಣ್ಣಗೆ ಮಾಡಿ, ಗಾಳಿಯೆಲ್ಲ ತೆಗೆದಿದ್ದಾರೆ, ಸೂಕ್ಷ್ಮಜೀವಿ ಎಲ್ಲಿ ಉಳಿಯುತ್ತೆ?' ಎಂದು ಕೇಳುವವರು ಬಹಳ. ಉಳಿಯುತ್ತವೆ, ಚೆನ್ನಾಗಿಯೇ ಉಳಿಯುತ್ತವೆ. ಪ್ರಯೋಗಾಲಯಗಳು ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಜೀವಂತ ಕಾಪಾಡುವುದು ಇದೇ ವಿಧಾನದಿಂದ. ಅಂಗಡಿಯಲ್ಲಿ ಸಿಗುವ ಮೊಸರಿನ ಹೆಪ್ಪಿನ ಪುಡಿಯೂ ಇದೇ. ಮಣ್ಣಿನ ನೀರಿನಲ್ಲಿ ತೊಳೆದ ಕೊತ್ತಂಬರಿಯನ್ನು ಫ್ರೀಜ್ ಡ್ರೈ ಮಾಡಿದರೆ ಕೊತ್ತಂಬರಿಯ ಜೊತೆ ಅದರ ಮೇಲಿದ್ದುದೆಲ್ಲ ಕಾಪಿಟ್ಟಂತಾಗುತ್ತದೆ. ಕುದಿಸುವ ಸಾರಿಗೆ ಹೋಗುವ ಮಾಲಾದರೆ ಒಂದು ಮಾತು. ಕಪ್ಪಿಗೆ ಬಿಸಿನೀರು ಹುಯ್ದು ತಿನ್ನುವುದಕ್ಕೆ, ಚಿಪ್ಸಿನ ಮೇಲೆ ಉದುರಿಸುವುದಕ್ಕೆ, ಮಗುವಿನ ಗಂಜಿಗೆ ಹೋಗುವುದಾದರೆ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ರೋಗಾಣು ಇಲ್ಲ ಎಂಬ ವರದಿ ನಿಮ್ಮ ಬ್ಯಾಚಿಗೇ ಬೇಕು. ಹೋದ ವರ್ಷದ್ದರ ಜೆರಾಕ್ಸ್ ನಡೆಯುವುದಿಲ್ಲ. ಸಿಒಎ (ಪ್ರಯೋಗಾಲಯದ ಪರೀಕ್ಷಾ ಪ್ರಮಾಣಪತ್ರ) ಕೈಗೆ ಬಂದಾಗ ಮೊದಲು ಬ್ಯಾಚ್ ನಂಬರನ್ನು ಚೀಲದ ಮೇಲಿನದಕ್ಕೆ ಹೋಲಿಸಿ. ಅಚ್ಚರಿಯೆನಿಸಬಹುದು, ಅರ್ಧ ಜಗಳ ಅಲ್ಲೇ ಸಿಗುತ್ತದೆ.

ಇದಕ್ಕೆ ಅಂಟಿಕೊಂಡೇ ಇರುವುದು ಕೀಟನಾಶಕ. ನೀರು ಹೋಗುತ್ತದೆ, ಸಿಂಪಡಿಸಿದ್ದರಲ್ಲಿ ಬಹುಪಾಲು ಹೋಗುವುದಿಲ್ಲ. ಹಸಿ ಟೊಮೆಟೊದಲ್ಲಿ ಮಿತಿಯೊಳಗಿದ್ದ ಶೇಷ, ಇಪ್ಪತ್ತು ಕೆಜಿ ಒಂದಾದಾಗ ಅದೇ ಪ್ರಮಾಣದಲ್ಲಿ ಸಾಂದ್ರವಾಗುತ್ತದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಒಣ ಪದಾರ್ಥಕ್ಕೆ ಈ ಸಾಂದ್ರತೆಯನ್ನು ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ, ಆದರೆ ಎಷ್ಟು ಪಟ್ಟು ಎಂಬುದಕ್ಕೆ ದಾಖಲೆ ತೋರಿಸಬೇಕು. ಮಂಡಿಯಲ್ಲಿ ನಲವತ್ತು ತೋಟದ ಬಾಕ್ಸು ಬೆರೆತ ಮೇಲೆ ಯಾರು ಏನು ಹೊಡೆದರು ಎಂಬ ದಾಖಲೆ ಎಲ್ಲಿಂದ ತರುವುದು? ಜೊತೆಗೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿದ್ದಕ್ಕೆ ರೈತರಿಗೆ ಖುಷಿಯಿದೆ, ಮೂರನೇ ಹಂತದ ಶುದ್ಧೀಕರಣ ಆಗಬೇಕೆಂಬ ಹೋರಾಟವೂ ಇದೆ. ಕೊಳ್ಳುವ ಕಂಪನಿಯ ಗುಣಮಟ್ಟದ ಅಧಿಕಾರಿ ಪತ್ರಿಕೆ ಓದುತ್ತಾನೆ. ಕೋಲಾರ ಎಂದ ಕೂಡಲೇ ಭಾರಲೋಹದ ವರದಿ ಕೇಳುತ್ತಾನೆ. ಸಿಟ್ಟಾಗಿ ಪ್ರಯೋಜನವಿಲ್ಲ. ಪರೀಕ್ಷೆ ಮಾಡಿಸಿ ಕೊಟ್ಟರೆ ಅದೇ ನಮ್ಮ ಮಾಲಿಗೆ ಬಲ.

ಬ್ಲಾಂಚಿಂಗ್ ಬಗ್ಗೆ ಒಂದೇ ಮಾತು: ಬೀನ್ಸ್, ಬಟಾಣಿ, ಕ್ಯಾರೆಟ್ಟನ್ನು ಬಿಸಿನೀರಲ್ಲಿ ಅದ್ದದೆ ಒಣಗಿಸಿದರೆ ಮೂರು ತಿಂಗಳಿಗೆ ಒಣಹುಲ್ಲಿನ ವಾಸನೆ ಹೊಡೆಯುತ್ತದೆ. ಪೆರಾಕ್ಸಿಡೇಸ್ ಪರೀಕ್ಷೆ (ವಾಸನೆ ಕೆಡಿಸುವ ಕಿಣ್ವ ಬಿಸಿಗೆ ಸತ್ತಿದೆಯೇ ಎಂದು ನೋಡುವುದು) ಮಾಡಿದ್ದೀರಾ ಎಂದು ಕೇಳಿ. ಉತ್ತರ ತಡವರಿಸಿದರೆ ಮುಂದಿನ ಸರಬರಾಜುದಾರನನ್ನು ನೋಡಿ.

ಸಾಗಣೆಯಲ್ಲೂ ಒಂದು ಚಿಕ್ಕ ಬಲೆ. ಮಾಲು ಹಗುರ ಎಂದು ಕೊರಿಯರ್ ಅಗ್ಗ ಅಂದುಕೊಳ್ಳಬೇಡಿ. ಲೀಟರಿಗೆ ನೂರು ಗ್ರಾಂ ತೂಗುವ ಚೂರಾದರೆ ಒಂದು ಕೆಜಿಗೆ ಹತ್ತು ಲೀಟರ್ ಜಾಗ. ಉದ್ದ, ಅಗಲ, ಎತ್ತರ ಗುಣಿಸಿ 5,000ರಿಂದ ಭಾಗಿಸುವ ಕೊರಿಯರ್ ಲೆಕ್ಕದಲ್ಲಿ ಅದು ಎರಡು ಕೆಜಿ. ದಾರಿಯಲ್ಲಿ ಕುಲುಕಿ ಪುಡಿಯಾದದ್ದು ಬೇರೆ. ಹತ್ತಕ್ಕೆ ಒಂದು ಪಾಲು ಪುಡಿ ಬಂದರೆ ಸ್ವೀಕರಿಸುತ್ತೀರೋ ಇಲ್ಲವೋ ಎಂಬುದನ್ನು ಆರ್ಡರಿನಲ್ಲೇ ಬರೆಯಿರಿ.

ಹಾಗಾದರೆ ಎಲ್ಲಿ ಬಳಸಬೇಕು? ನನ್ನ ಅಭಿಪ್ರಾಯ ಸ್ವಲ್ಪ ಒರಟು: ತಿನ್ನುವವನ ಕಣ್ಣಿಗೆ ಚೂರು ಕಾಣದಿದ್ದರೆ ಫ್ರೀಜ್ ಡ್ರೈ ದುಂದು. ಸಾರಿನ ಪುಡಿಯಲ್ಲಿ, ಮಸಾಲೆಯಲ್ಲಿ ಟೊಮೆಟೊ ಹುಳಿ ಬೇಕಿದ್ದರೆ ಸ್ಪ್ರೇ ಡ್ರೈ ಪುಡಿ (ರಸವನ್ನು ಬಿಸಿಗಾಳಿಯಲ್ಲಿ ಚಿಮುಕಿಸಿ ಒಣಗಿಸಿದ್ದು) ಸಾಕು. ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದಿಂದ ಮಾಡಿದ ಪುಡಿ ಸೇರಿರುತ್ತದೆ, ಎಷ್ಟು ಎಂದು ಕೇಳಿ ತಿಳಿದು ಲೇಬಲ್ಲಿನಲ್ಲಿ ಬರೆದರಾಯಿತು. ಕುದಿಸುವ ಸಾಂಬಾರಿಗೆ ಬಿಸಿಗಾಳಿಯ ಕ್ಯಾರೆಟ್ಟಿಗೆ ಏನೂ ಕೊರತೆಯಿಲ್ಲ.

ಮತ್ತೆ ಕೋಲಾರ, ಚಿಕ್ಕಬಳ್ಳಾಪುರದವರು ಒಣಗಿಸುವುದೇ ಆದರೆ ಟೊಮೆಟೊ ಬಿಟ್ಟು ಅವರೆಕಾಯಿಯ ಕಡೆ ನೋಡಲಿ ಎನ್ನುತ್ತೇನೆ. ಒಂದು ಕೆಜಿ ಒಣ ಟೊಮೆಟೊಗೆ ಹದಿನೆಂಟು ಕೆಜಿ ನೀರು ತೆಗೆಯಬೇಕು. ಬೇಯಿಸಿದ ಹಿತಕಿದ ಅವರೆಬೇಳೆಯಾದರೆ ಮೂರು ಕೆಜಿ ತೆಗೆದರೆ ಸಾಕು. ಯಂತ್ರ ಅದೇ, ಗಂಟೆ ಹೆಚ್ಚುಕಡಿಮೆ ಅದೇ, ತಟ್ಟೆಯಿಂದ ಕೆಳಗಿಳಿಯುವ ಮಾಲು ನಾಲ್ಕೈದು ಪಟ್ಟು. ಸಂಕ್ರಾಂತಿಯ ಆಸುಪಾಸು ಬಂದು ಹೋಗುವ ಸೊಗಡವರೆಗೆ ಜೂನ್ ತಿಂಗಳಲ್ಲಿ ಎಷ್ಟು ಕೊಟ್ಟರೂ ಕೊಳ್ಳುವ ಬೆಂಗಳೂರಿನವರಿದ್ದಾರೆ, ಅಮೆರಿಕಕ್ಕೆ ಹೋಗುವ ಸೂಟ್‌ಕೇಸುಗಳಿವೆ. ಹಿತಕುವ ಕೂಲಿ ಇಲ್ಲಿನ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಹಸಿಯಾಗಿ ಒಣಗಿಸಿದರೆ ಪ್ರಯೋಜನವಿಲ್ಲ, ಅವರೆ ಬೇಯದೆ ತಿನ್ನುವ ಕಾಳಲ್ಲ. ಬೇಯಿಸಿಯೇ ಒಣಗಿಸಬೇಕು, ಆಗ ಬಿಸಿನೀರಿಗೆ ನಿಮಿಷಗಳಲ್ಲಿ ಅರಳುತ್ತದೆ. ಸೇನೆಗೆ ಇಂಥ ಊಟಗಳನ್ನು ರೂಪಿಸಿದ ಡಿಎಫ್‌ಆರ್‌ಎಲ್ ಎಂಬ ರಕ್ಷಣಾ ಪ್ರಯೋಗಾಲಯ (ಈಗ ಅದರ ಹೆಸರು ಡಿಐಬಿಟಿ) 1961ರಿಂದ ಮೈಸೂರಿನಲ್ಲೇ ಇದೆ, ಅಲ್ಲೇ ಆಹಾರ ತಂತ್ರಜ್ಞಾನದ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ. ಕೇಳಿ ಬರಲು ನಾಲ್ಕೈದು ಗಂಟೆ ದಾರಿ.

ಸ್ವಂತ ಯಂತ್ರ ಹಾಕುವ ಮೊದಲು ಜಾಬ್ ವರ್ಕಿನಲ್ಲಿ, ಅಂದರೆ ಯಂತ್ರ ಇರುವವರಿಗೆ ಕೂಲಿ ಕೊಟ್ಟು, ಮಾಡಿಸಿ ನೋಡುವುದು ಒಳ್ಳೆಯದು. ಹಸಿ ಮಾಲು ನಿಮ್ಮದು, ಒಣಗಿಸುವ ಕೆಲಸ ಅವರದು. ದರವನ್ನು ಒಣ ಮಾಲಿನ ಕೆಜಿಗಲ್ಲ, ತಟ್ಟೆಗೇರಿಸಿದ ಹಸಿ ಕೆಜಿಗೆ ಮಾತಾಡಿ. ಇಲ್ಲದಿದ್ದರೆ ತೇವ ಉಳಿಸಿದಷ್ಟೂ ಅವರಿಗೆ ಲಾಭ. ನಾವು ಕಳೆದ ಸೀಸನ್ನಿನಲ್ಲಿ ನಲವತ್ತು ಕೆಜಿ ಬೇಯಿಸಿದ ಅವರೆಬೇಳೆ ಕಳಿಸಿದ್ದೆವು, ಹತ್ತೂಕಾಲು ಕೆಜಿ ಬಂತು. ಫಾಯಿಲ್ ಪೊಟ್ಟಣಗಳಿಗೆ ನೈಟ್ರೋಜನ್ ತುಂಬಿ ತಾರೀಖು ಬರೆದು ಕಪಾಟಿನಲ್ಲಿಟ್ಟಿದ್ದೇವೆ. ಮೂರನೇ ತಿಂಗಳದ್ದನ್ನು ಬಿಚ್ಚಿದಾಗ ಸೊಗಡು ಹಾಗೇ ಇತ್ತು, ಬಣ್ಣ ಮಾತ್ರ ಒಂದು ಪಾಲು ಮಂಕು. ಆರನೇ ತಿಂಗಳದ್ದನ್ನು ಮುಂದಿನ ವಾರ ಬಿಚ್ಚುತ್ತೇವೆ. ಉಪ್ಪಿಟ್ಟು ಮಾಡಲು ಪ್ಯಾಕಿಂಗಿನ ಹೆಂಗಸರೇ ಮುಂದೆ ಬಂದಿದ್ದಾರೆ.